ಮೂರು ಇಶ್ಯೂ

ಗದಗ ಕೋರ್ಟಿನ ಭಾಷಾಂತರದ ಮೇಜಿಗೆ
ಮೂರೂವರಿ ಕಾಲು. ಉಳಿದರ್ಧ ಒಂದು ದಪ್ಪ ಡಿಕ್ಷನರಿ.
ಇಪ್ಪತ್ತಾರು ವರ್ಷ ಅದರ ಮ್ಯಾಲೆ ಮೊಳಕೈ ಊರಿದವ ನಾನು.
ಮೇಜು ಅಲುಗಾಡಲಿಲ್ಲ,
ಆ ಡಿಕ್ಷನರಿಯಿಂದ ನನಗಾದ ಉಪಕಾರ ಇಷ್ಟ.

ಕೆಲವು ಇಂಗ್ಲಿಷ್ ಶಬ್ದ ಹಿರೀ ಸೊಸಿ ಇದ್ಧಂಗ,
ಯಾವ ಕೆಲಸಿದ್ದರೂ ಅಕೀನ್ನ ಕರೀತಾರ.
ರೇಶನ್ ಅಂಗಡ್ಯಾಗ ಅಕ್ಕಿ ಇಶ್ಯೂ.
ಸಮನ್ಸ್ ಇಶ್ಯೂ, ವಾರಂಟ್ ಇಶ್ಯೂ.
ಲೈಬ್ರರಿಯ ಕಳಕಪ್ಪ ಮಾಸಿಕದ ಹಳೇ ಇಶ್ಯೂ ಎಲ್ಲಾ
ಸುತಳಿ ಕಟ್ಟಿ ರದ್ದಿಗೆ ಹಾಕ್ತಾನ.
"ಇಷ್ಟಕ್ಕ ಇಶ್ಯೂ ಮಾಡಬ್ಯಾಡೋ ತಮ್ಮಾ" ಅಂತ
ಎಬಿಸಿಡಿ ಬಾರದವರೂ ಚಾದಂಗಡಿ ಮುಂದ ಜಗಳಾ ಬಿಡಸ್ತಾರ.
ನಮ್ಮಲ್ಲಿ ಇದಕ್ಕ ಐದು ಬಾಗಿಲಾ:
ವಿತರಣೆ, ಸಂಚಿಕೆ, ತಕರಾರು, ವಾದಾಂಶ.
ಐದನೇದರ ಚಿಲಕಾ ನಾ ಸರಿಯಾಗಿ ತಗದದ್ದು
ಬೆಟಗೇರಿಯ ಶಂಕ್ರೆವ್ವ ಗಂಜಿ ಬಂದ ದಿನ.

ವಾದಿ, ಮೈದುನನ ಮಗ.
ವಾದಪತ್ರದ ನಾಕನೇ ಪ್ಯಾರಾದಾಗ
ಅಕೀ ಗಂಡ "ಡೈಡ್ ಇಶ್ಯೂಲೆಸ್".
ಮಗ್ಗದ ಮನಿ ಯಾರಿಗೆ ಅನ್ನೂದು
ಆ ಶಬ್ದದ ಬಾಲಕ್ಕ ಜೋತುಬಿದ್ದಿತ್ತು.
ಪೆನ್ನು ಎತ್ತದ ಬರದೆ:
ನಿಸ್ಸಂತಾನನಾಗಿ ಮೃತಪಟ್ಟನು.
ಹಂಗ ಎಷ್ಟು ಮಂದೀನ್ನ ಬರದೇನೋ, ಲೆಕ್ಕಿಟ್ಟಿಲ್ಲ.

ಓದಿ ಹೇಳಿದೆ. ಅಕಿ ಸೆರಗಿನ ಗಂಟು ಬಿಚ್ಚಿ
ಎಲಿ ಅಡಿಕಿ ತಗದ್ಲು, ಕೋರ್ಟು ಅಂತ ನೆನಪಾಗಿ ಮತ್ತ ಕಟ್ಟಿದ್ಲು.
"ಅಂದ್ರ ಏನ್ರೀ ಅದು?"
"ಮಕ್ಕಳಿಲ್ಲದ ತೀರಿಕೊಂಡ್ರು ಅಂತ."
"ಇಲ್ಲದ ಅಂತ ಹೆಂಗ ಬರೀತೀರಿ?
ಉಳೀಲಿಲ್ಲ ಅಂತ ಬರೀರಿ."

ಡಿಕ್ಷನರಿ ತಗದು ನೋಡೂಣಂದ್ರ ಮೇಜು ವಾಲತಿತ್ತು.
"ಕಾಯ್ದೆಕ್ಕ ಎರಡೂ ಒಂದ, ಯಮ್ಮಾ" ಅಂದೆ.
ಹಾಸಿನಾಗ ಹರದ ಎಳಿ ಹುಡುಕೋ ಹಂಗ
ನನ್ನ ಮಾರಿ ನೋಡಿದ್ಲು.

ಮುಂದಿನ ತಾರೀಕು. ಬೆಂಚ್ ಕ್ಲಾರ್ಕ್ ಮೌಲಾಸಾಬ,
ಬಾಳ ಒಳ್ಳೇ ಮನಷಾ, ಯಾವ ಸುದ್ದಿನೂ ತಾನ ಮೊದಲ ಹೇಳಬೇಕು,
ಹೊರಗ ಬಂದು ಒದರಿದ:
"ಶಂಕ್ರೆವ್ವಾ, ನಿಮ್ಮವು ಮೂರು ಇಶ್ಯೂ ಫ್ರೇಮ್ ಆಗ್ಯಾವು!"

ಅಕಿ ಎದ್ದು ನಿಂತ್ಲು.
"ಹೌದ್ರಿ, ಮೂರ. ಎರಡು ಗಂಡು, ಒಂದು ಹೆಣ್ಣು.
ಫ್ರೇಮ್ ಹಾಕಸಾಕ ಫೋಟೋ ಎಲ್ಲಿದ್ದೂವ್ರೀ ಆವಾಗ?
ಕಡೀದಕ್ಕಷ್ಟ ತೊಟ್ಟಲಾ ಕಟ್ಟಿ ಹೆಸರಿಟ್ಟಿದ್ವಿ."

ಮೌಲಾಸಾಬ ನನ್ನ ನೋಡಿದ.
ನಾ ಗೋಡಿಗೆ ಹಚ್ಚಿದ ಪಟ್ಟಿ ನೋಡಿದೆ.
ಭಾಷಾಂತರ ನನ್ನ ಕೆಲಸ.
ಅವತ್ತು ಮಾಡಲಿಲ್ಲ.

ಹಾಳಿಮ್ಯಾಲೆ ಇದ್ದದ್ದು ಇಷ್ಟು:
ಒಂದು, ಸದರಿ ಮನೆ ಒಟ್ಟು ಕುಟುಂಬದ್ದೆಂದು ವಾದಿ ರುಜುವಾತುಪಡಿಸುವನೇ?
ಎರಡು, ಅದು ತನ್ನ ಗಂಡನ ಸ್ವಂತ ಗಳಿಕೆಯೆಂದು
ಪ್ರತಿವಾದಿ ರುಜುವಾತುಪಡಿಸುವಳೇ?
ಮೂರು, ಏನು ಆದೇಶ?
ಕಡೀದು ಎಲ್ಲಾ ಕೇಸಿನಾಗೂ ಹಂಗ ಇರತೈತಿ,
ಯಾರೂ ಅದನ್ನ ಎರಡು ಸಲ ಓದೂದಿಲ್ಲ.

ಮನಿ ಅಕೀಗೇ ಉಳೀತು. ನಕಲು ಒಯ್ಯಾಕ ಬಂದಿದ್ಲು.
ಹಿಂಬದಿಗೆ ನೀಲಿ ಶಿಕ್ಕಾ ಬಿತ್ತು: ಇಶ್ಯೂಡ್.
ಇದೇನಂತ ಅಕಿ ಕೇಳಲಿಲ್ಲ,
ಮಸಿ ಆರೂತನಕಾ ಊದಿ, ಮಡಚಿ, ಜಂಪರಿನಾಗ ಇಟಗೊಂಡ್ಲು.

ರಿಟೈರ್ ಆದ ದಿನ ಬಗ್ಗಿ ಆ ಡಿಕ್ಷನರಿ ಎಳಕೊಂಡೆ.
ಮೇಜಿನ ಕಾಲಿನ ಗುರುತು ಒಳಗಿನ ಪುಟಕ್ಕೂ ಒತ್ತಿತ್ತು.
ನನ್ನ ಐದೂ ಅರ್ಥ ಕೆಳಗ ಇದ್ದೂವು.
ಎಲ್ಲಾಕ್ಕಿಂತ ಮ್ಯಾಲೆ, ನಾ ಒಮ್ಮೆನೂ ಬರೀದಿದ್ದ ಒಂದು:
ಹೊರಗ ಹರಿದು ಬರೂದು;
ನೀರು, ಹೊಗಿ, ರಕ್ತ.

ಆ ಹುಡಿಗೀ ಹೆಸರೇನಂತ ಕೇಳಬೇಕಿತ್ತು.

ಮೇಜಿಗೆ ಈಗ ಇಟ್ಟಂಗಿ ಕೊಟ್ಟಾರಂತ.