ಬಾಡಿಗೆ ಗಂಟಲು

ಇಸ್ತಾಂಬುಲಿನ ಬೆಯೋಲುವಿನಲ್ಲಿ, ಗುಂಡಿ ಮಾರುವ ಅಂಗಡಿಯ ಪಕ್ಕ
ಹದಿನಾಲ್ಕು ಮೆಟ್ಟಿಲಿಳಿದರೆ ನಮ್ಮ ನೆಲಮಾಳಿಗೆ.
ಗೋಡೆಗೆಲ್ಲ ಹಳೇ ಕಂಬಳಿ ಹೊಡೆದಿದ್ದರು.
ಸಿಮಿತ್ ಮಾರುವವನ ಕೂಗು ಒಳಗೆ ಬರಕೂಡದು,
ಒಳಗಿನ ಅಳು ಬೀದಿಗೆ ಬೀಳಕೂಡದು.

ನಾನು ಮೆಲಾಹತ್.
ನನ್ನ ಮುಖ ಯಾರೂ ನೋಡಿಲ್ಲ, ಗಂಟಲು ಎಲ್ಲರೂ ಕೇಳಿದ್ದಾರೆ.
ಹತ್ತೊಂಬತ್ತು ವರ್ಷ, ಮುನ್ನೂರ ಚಿಲ್ಲರೆ ಸಿನಿಮಾ.
ತೆರೆಯ ಮೇಲೆ ಚೆಲುವೆಯರು ತುಟಿ ಆಡಿಸುತ್ತಿದ್ದರು,
ಮಾತು ನನ್ನದು.

ಮಾತು ಅಂದೆನೆ? ಹೆಚ್ಚೇನೂ ಇರಲಿಲ್ಲ.
ಬೇಡಿ. ಬಿಟ್ಟುಬಿಡಿ. ತಪ್ಪು ನನ್ನದೇ.
ಅವರು ಸುಖವಾಗಿದ್ದರೆ ಸಾಕು.
ಉಳಿದದ್ದೆಲ್ಲ ಕೆಮ್ಮು.

ಬೆಳಿಗ್ಗೆ ಒಳ್ಳೆಯವಳು.
ಬಿಸಿನೀರಿಗೆ ಜೇನು ಬೆರೆಸಿ ಕುಡಿದು
ದನಿಯನ್ನು ಮೂಗಿನ ತುದಿಗೇರಿಸಿ
ಹೂ ಮಾರುವ ಕುರುಡಿಯಾಗುತ್ತಿದ್ದೆ.
ಕುರುಡಿಯೇ ಯಾಕೆ ಅಂತ ಒಮ್ಮೆ ಕೇಳಿದ್ದೆ.
'ಕಣ್ಣಿದ್ದರೆ ಅವನನ್ನು ನೋಡಿಬಿಡುತ್ತಾಳಲ್ಲ'
ಎಂದ ಕಥೆ ಬರೆಯುವವನು.
ನಗಿಸಲೆಂದು ಹೇಳಿದ್ದಲ್ಲ.

ಊಟದ ಮೇಲೆ ಕೆಟ್ಟವಳು.
ಎರಡು ಸಿಗರೇಟು ಸೇದಿ ಗಂಟಲು ಒರಟು ಮಾಡಿಕೊಂಡು
ಅದೇ ಮೈಕಿನ ಮುಂದೆ, ಅದೇ ಬೂದು ಸ್ವೆಟರಿನಲ್ಲಿ
ನಗಬೇಕು.
ನಗುವ ಹೆಂಗಸನ್ನು ನಂಬಬಾರದು ಅನ್ನುವ ಗಾದೆ
ಎಲ್ಲ ಊರಲ್ಲೂ ಇದ್ದೀತು;
ನಮ್ಮಲ್ಲಿ ಅದಕ್ಕೆ ದರವೂ ಇತ್ತು,
ಅಳುವಿನ ಅರ್ಧ.

ಕಾಸು ಉಳಿಸಲು ಒಂದು ಚಿತ್ರದಲ್ಲಿ
ಇಬ್ಬರನ್ನೂ ನನ್ನ ತಲೆಗೇ ಕಟ್ಟಿದರು.
ನನ್ನ ಕಾಲಿಗೆ ನಾನೇ ಬಿದ್ದೆ, ನನ್ನನ್ನು ನಾನೇ ಒದ್ದೆ.
ಚಹಾ ತಂದ ಹುಡುಗ
ಒಂದೇ ಲೋಟ ಹಿಡಿದು ಬಾಗಿಲಲ್ಲೇ ನಿಂತ,
ಯಾರಿಗೆ ಕೊಡಲಿ ಅಂತ.

ಕೆನ್ನೆಯೇಟಿನ ಸದ್ದು ನುಸ್ರೆತನ ಪಾಲು.
ಒದ್ದೆ ಚರ್ಮದ ಪಟ್ಟಿಯಿಂದ
ತನ್ನ ತೊಡೆಗೆ ತಾನೇ ಬಾರಿಸಿಕೊಳ್ಳುತ್ತಿದ್ದ;
ನಾನು 'ಹಾ' ಅನ್ನುತ್ತಿದ್ದೆ.
ಸಂಜೆ ಕುಂಟುತ್ತ ಮೆಟ್ಟಿಲು ಹತ್ತುವನು.
ಹೆಂಗಸರಿಗೆ ಬೀಳುವುದನ್ನೆಲ್ಲ ತಾನೇ ತಿಂದು ಮನೆಗೆ ಹೋಗುವ ಗಂಡಸು
ನಾನು ಕಂಡವನು
ಅವನೊಬ್ಬನೇ.

ಒಂದು ದಿನ ನಾಯಕಿಯೇ ಇಳಿದುಬಂದಳು.
ಅವಳ ಸ್ವಂತ ದನಿ ದಪ್ಪ, ಕಪ್ಪು ಸಮುದ್ರದ ಕಡೆಯ ಗಡಸು ಮಾತು.
'ಅಕ್ಕಾ, ಅವನು ಹೊಡೆದ ಮೇಲೆ ನನ್ನ ತುಟಿ ನೋಡು' ಎಂದು
ಕಿವಿಯಲ್ಲಿ ಹೇಳಿ ಹೋದಳು.
ನೋಡಿದೆ. ರೀಲು ಹಿಂದೆ ತಿರುಗಿಸಿ ಮತ್ತೆ ನೋಡಿದೆ.
ಬರೆದುಕೊಟ್ಟಿದ್ದು: ಕ್ಷಮಿಸಿಬಿಡಿ.
ಅವಳು ಅಂದದ್ದು: ನಾಯಿಮಗನೇ.
ಐದಕ್ಷರಕ್ಕೆ ಐದಕ್ಷರ.
ನುಸ್ರೆತ್ ನನ್ನ ಕಡೆ ನೋಡಿದ, ನಾನು ಮೈಕಿನ ಕಡೆ.
ಅವತ್ತು ಮಗನ ಶಾಲೆಯ ಫೀಸಿಗೆ ಕೊನೇ ದಿನ.
ಕ್ಷಮಿಸಿಬಿಡಿ ಅಂದೆ. ನಡುವೆ ಒಂದು ಬಿಕ್ಕು ಸೇರಿಸಿ.
ಒಂದೇ ಸಲಕ್ಕೆ ಓಕೆ ಆಯಿತು.

ಬಾಲ್ಕನಿಯಲ್ಲಿ ಹೆಂಗಸರು ಕರವಸ್ತ್ರ ಹಿಂಡಿದರಂತೆ.
ಅವರಲ್ಲಿ ಯಾರಾದರೂ
ತುಟಿಯನ್ನಷ್ಟೇ ನೋಡಿದ್ದರೆ?
ಈ ಯೋಚನೆ ಈಗಲೂ ರಾತ್ರಿ ಎಬ್ಬಿಸುತ್ತದೆ,
ನೀರು ಕುಡಿದು ಮಲಗುತ್ತೇನೆ.

ಮೊನ್ನೆ ಕಾದಿಕೊಯ್ ಮೀನುಪೇಟೆಯಲ್ಲಿ
ಅರ್ಧ ಕಿಲೋ ಹಮ್ಸಿ ಕೇಳಿದೆ.
ಅವನು ತೂಗುವಾಗ ತಟ್ಟೆಗೆ ಹೆಬ್ಬೆರಳು ಒತ್ತಿದ.
ಅರವತ್ತೇಳರ ಗಂಟಲು, ಎಲ್ಲಿತ್ತೋ,
ಬೆಳಗಿನ ದನಿಯೇ ಬಂತು, ಜೇನು ಬೆರೆಸಿದ್ದು:
ನಾಯಿಮಗನೇ, ಬೆರಳು ತೆಗಿ.

ತೆಗೆದ.

ಸಾಲಿನಲ್ಲಿ ನನಗಿಂತ ಮುದುಕಿಯೊಬ್ಬಳು
ಚೀಲ ನೆಲಕ್ಕಿಟ್ಟು, ತಲೆವಸ್ತ್ರ ಕಿವಿಯ ಹಿಂದೆ ಸರಿಸಿ
ಬಹಳ ಹೊತ್ತು ನನ್ನನ್ನೇ ನೋಡಿದಳು.
ಆಮೇಲೆ ಕೇಳಿದಳು:
'ಯಾವಾಗ ಬಂತೇ ಮಗಳೇ, ನಿನಗೆ ಕಣ್ಣು?'