ಹೆಬ್ಬೆರಳು

ಬುಧವಾರ ಸಂಜೆ ನಾಲ್ಕಕ್ಕೆ ಮೆರಿನ್ ಪಾಠ ಶುರುಮಾಡುತ್ತಾಳೆ,
ಹ್ಯೂವನ್ ಹೊಳೆಯ ದಂಡೆ, ನಮ್ಮ ದೋಣಿಕೊಟ್ಟಿಗೆಯ ಹಿಂದೆ.
ನಾನು ಫೋನು ಹಿಡಿಯುವವನು.
ಮೂವತ್ತು ವರ್ಷ ಬ್ರೂನಿ ದ್ವೀಪಕ್ಕೆ ಫೆರಿ ನಡೆಸಿದ ಕೈಗೆ
ಅಂಗೈಯಗಲದ ಗಾಜು ಅಲುಗದಂತೆ ಹಿಡಿಯಲು ಬಾರದು.
ಚೌಕಟ್ಟಿನ ಮೂಲೆಯಲ್ಲಿ ಯಾವಾಗಲೂ ನನ್ನ ಬೆರಳು.
ಮಕ್ಕಳು ನನ್ನನ್ನು ಕರೆಯುವುದೂ ಹಾಗೆಯೇ:
‘ಹೆಬ್ಬೆರಳೇ, ಸ್ವಲ್ಪ ಎಡಕ್ಕೆ!’

ಹತ್ತೊಂಬತ್ತು ಮಕ್ಕಳು, ಹತ್ತೊಂಬತ್ತು ಕಿಟಕಿ.
ಡಿಗ್ಬಿ, ಕಿಂಗ್ ದ್ವೀಪದ ಹಾಲಿನ ಕೊಟ್ಟಿಗೆಯಿಂದ;
ಬೆನ್ನ ಹಿಂದೆ ಒಂದು ಹಸು ಪಾಠ ಕೇಳುತ್ತ ಮೆಲುಕುಹಾಕುತ್ತದೆ.
ಲಾನ್ಸೆಸ್ಟನ್ನಿನ ಸುವಾಸ್ ದಹಾಲ್, ಜೊತೆಗೆ ಅವನಜ್ಜಿ.
ಅಜ್ಜಿಗೆ ನಮ್ಮ ಭಾಷೆ ಬಾರದು. ಆದರೆ ಬೆಂಕಿಯ ಪಾಠದ ದಿನ
ಒದ್ದೆ ಸೌದೆಯೆದುರು ಮೆರಿನ್ ಮೂರು ಕಡ್ಡಿ ಗೀರಿ ಸೋತಾಗ
ತೆರೆಯಾಚೆ ಆಕೆಯ ಕೈ ಎದ್ದಿತು:
ತೊಗಟೆಯನ್ನು ಹೀಗೆ ಉಜ್ಜು, ನೂಲಾಗುವ ತನಕ. ಈಗ ಊದು.
ಹೊತ್ತಿಕೊಂಡಿತು.

ಹೊಗೆಯ ವಾಸನೆ ಮಾತ್ರ ಆಚೆ ದಾಟಲಿಲ್ಲ.

ವಾಂಬ್ಯಾಟಿನ ಹಿಕ್ಕೆ ಚೌಕ ಎಂದದ್ದಕ್ಕೆ
ಆ ವಾರವೆಲ್ಲ ನಕ್ಕವು.
ಕುಣಿಕೆ ಹಾಕುವುದನ್ನು ಎದುರಾಎದುರು ನೋಡಿ
ಎಡವನ್ನು ಬಲವೆಂದು ಕಲಿತವು; ನಮಗೆ ತಿಳಿದದ್ದು ತಿಂಗಳ ಮೇಲೆ.
ಈಗ ಈ ದ್ವೀಪದಲ್ಲಿ ಅಲ್ಲಲ್ಲಿ ಎಡಚ ಗಂಟುಗಳಿವೆ.
ಒಂದೂ ಜಾರಿಲ್ಲವಂತೆ.

ಏಳನೆಯ ವಾರದ ಮನೆಗೆಲಸ:
ಹೊರಗೆ ಹೋಗಿ, ಹತ್ತು ನಿಮಿಷ ಸುಮ್ಮನೆ ಕೂತು,
ಯಾರು ಯಾರು ಬಂದರೆಂದು ಬರೆಯಿರಿ.
‘ನಾನು ಹೊರಗೆ ಹೋಗುವಂತಿಲ್ಲ’ ಎಂದಳು ಟಾಮ್ಸಿನ್.
ಹೋಬಾರ್ಟಿನ ಆಸ್ಪತ್ರೆ, ನಾಲ್ಕನೆಯ ಮಹಡಿ,
ತಲೆಗೆ ಉಣ್ಣೆಯ ಟೋಪಿ.
ಮಂಜಿನಲ್ಲಿ ಬಂದರಿನ ದೀಪ ಕಾಣದವನ ಹಾಗೆ
ಮೆರಿನ್ ಒಂದು ಕ್ಷಣ ಬಾಯಿತೆರೆದು ನಿಂತಳು.
‘ಕಿಟಕಿ ಇದೆಯಾ?’
‘ಇದೆ. ಕೆಳಗೆ ಬಟ್ಟೆ ಒಗೆಯುವ ಕಟ್ಟಡದ ತಾರಸಿ. ಜಲ್ಲಿ. ಪೈಪು.’
‘ಸಾಕು.’

ಮುಂದಿನ ಬುಧವಾರ ಅವಳ ವರದಿ:
ಜಲ್ಲಿಯೊಳಗಿನ ಒಂದು ಕಲ್ಲು ಎದ್ದು ನಡೆಯಿತು.
ಟಿಟ್ಟಿಭ! ಹಳದಿ ಮುಖವಾಡ, ರೆಕ್ಕೆಯ ಕೀಲಿಗೆ ಮುಳ್ಳು,
ಅದು ಎದ್ದ ಜಾಗದಲ್ಲಿ ನಾಲ್ಕು ಮೊಟ್ಟೆ.
ಮೆರಿನ್ ಎರಡು ರಾತ್ರಿ ಕೂತು ಬರೆದ ಪಾಠ ಬೇರೆಯೇ ಇತ್ತು;
ಮಡಚಿ ಜೇಬಿಗಿಟ್ಟಳು.
ಅವತ್ತಿನಿಂದ ಕೇಳುವವರಲ್ಲಿ ಅವಳೂ ಒಬ್ಬಳು.

ಒಂದು ರಾತ್ರಿ ದಿಕ್ಕು ಹುಡುಕುವ ಪಾಠ.
ತ್ರಿಶಂಕುವಿನ ಉದ್ದದ ಗೆರೆಯನ್ನು ನಾಲ್ಕೂವರೆ ಪಟ್ಟು ಎಳೆದು
ನೇರ ನೆಲಕ್ಕಿಳಿಸಿದರೆ ದಕ್ಷಿಣ.
ನಾನು ಫೋನನ್ನು ಆಕಾಶಕ್ಕೆ ಎತ್ತಿದೆ; ಬರೀ ಕಪ್ಪು.
‘ನನ್ನ ಕಿಟಕಿಯಲ್ಲಿ ನಕ್ಷತ್ರವಿಲ್ಲ’ ಎಂದಳು ಟಾಮ್ಸಿನ್,
‘ಆದರೆ ಮೈ ಕೊರೆಯುವ ಗಾಳಿ ಬಂದಾಗ
ಹಕ್ಕಿ ಮುಖ ತಿರುಗಿಸಿ ಕೂರುತ್ತದಲ್ಲ,
ಅದೇ ದಕ್ಷಿಣ.’
ಮೂವತ್ತು ವರ್ಷ ಅದೇ ಗಾಳಿ ತಿಂದವನು ನಾನು.
ಹೌದು, ಅದೇ.

ಮೊಟ್ಟೆ ಒಡೆದದ್ದು ಶನಿವಾರ, ಪಾಠವಿಲ್ಲದ ದಿನ.
ಕಾರು ಹತ್ತಿದೆವು. ವಾರ್ಡಿಗೆ ಬಿಡಲಿಲ್ಲ;
ತಾರಸಿಯ ಕೆಳಗೆ, ಕಸದ ಡಬ್ಬಿಗಳ ನಡುವೆ ನಿಂತೆವು.
ಡಿಗ್ಬಿ ಬಂದ, ಹಸು ಬಂತು, ಅಜ್ಜಿ ಬಂದಳು, ಎಲ್ಲ ಕಿಟಕಿ ತುಂಬಿತು.
ಕೆಳಗಿನ ಹುಲ್ಲಿನಿಂದ ತಾಯಿ ಕರೆದಳು, ಗಡಸು ದನಿಯಲ್ಲಿ.
ಒಂದು ಉದುರಿತು: ಬೂದು ಉಂಡೆ, ಪುಟಿದು ಎದ್ದು ಓಡಿತು.
ಎರಡು. ಮೂರು.
ನಾಲ್ಕನೆಯದು ಅಂಚಿನಲ್ಲೇ ನಿಂತಿತು. ಹಿಂದೆ ಹೋಯಿತು.
ಮತ್ತೆ ಬಂದು ಇಣುಕಿತು.
ಅದರ ಮೇಲೆ, ಬಹಳ ಮೇಲೆ, ಗಾಜಿಗೊತ್ತಿದ ಒಂದು ಟೋಪಿ.

ಅದು ಹಾರಿದ ಗಳಿಗೆ
ಹದಿನೆಂಟು ಕಿಟಕಿಗಳಲ್ಲೂ ಕಂಡದ್ದು
ನನ್ನ ಹೆಬ್ಬೆರಳು.

ಗಲಾಟೆಯೋ ಗಲಾಟೆ. ನಾನು ಕ್ಷಮೆ ಕೇಳುತ್ತಿದ್ದೆ.
‘ಎಲ್ಲ ಸುಮ್ಮನಿರಿ’ ಎಂದಳು ಮೇಲಿನ ಹುಡುಗಿ,
‘ನಾನು ನೋಡಿದೆ. ಹೇಳ್ತೀನಿ.’