ಅಪ್ಪನ ಗ್ಯಾಸು

ಬೈಕಂಪಾಡಿಯ ಈ ಶೆಡ್ಡಿನಲ್ಲಿ ಮೊದಲು
ಗೇರುಬೀಜ ಹುರಿಯುತ್ತಿದ್ದರು. ಎರಡು ಸಲ ಸುಣ್ಣ ಹೊಡೆಸಿದರೂ
ಗೋಡೆಯಿಂದ ಸಿಪ್ಪೆಯೆಣ್ಣೆ ಕಪ್ಪಗೆ ಬೆವರುತ್ತದೆ
ನಮ್ಮ ಗಾಜಿನ ಕೊಳವೆಯ ಪಕ್ಕದಲ್ಲೇ.

ಅಪ್ಪ ಸಿಲಿಂಡರು ತಂದರು ರಿಕ್ಷಾದಲ್ಲಿ.
ಬುಡ ಓರೆಮಾಡಿ, ಕತ್ತು ಹಿಡಿದು ಉರುಳಿಸುತ್ತ,
ಕುಡಿದ ಗೆಳೆಯನನ್ನು ಮನೆ ಮುಟ್ಟಿಸುವವರ ಹಾಗೆ.
ನಮಗೆ ಕೊಡುವವ ಮೂರು ದಿನದಿಂದ ಫೋನೆತ್ತಿರಲಿಲ್ಲ.
ಸೋಡಾದ ಗ್ಯಾಸೂ ಇದೇ ಅಲ್ವಾ, ಎಂದಿದ್ದರು ಅಪ್ಪ.
ಇದೇ. ತೇವ ಸ್ವಲ್ಪ ಹೆಚ್ಚು, ಒಣಗಿಸಿಕೊಂಡೆವು.

ಬೆಂದೂರ್‌ವೆಲ್ಲಿನ ಇಳಿಜಾರಿನಲ್ಲಿ ನಲವತ್ತೊಂದು ವರ್ಷ
ಇದನ್ನೇ ನೀರಿಗೆ ಹೊಡೆದು ತುಂಬಿಸಿದವರು.
ಒಮ್ಮೆ ಬಾಟಲಿ ಸಿಡಿದು ಎಡಹುಬ್ಬು ಎರಡಾಯಿತು;
ಒಂದು ತುಂಡು ತುಸು ಮೇಲೆ,
ಸದಾ ಏನೋ ಸಂಶಯವಿದ್ದಂತೆ.
ಹೆಸರು ಪಾಸ್ಕಲ್.
ಒತ್ತಡದ ಅಳತೆಗೂ ಅದೇ ಹೆಸರೆಂದು ಪಾಠದಲ್ಲಿ ಕೇಳಿದ ದಿನ
ನಾನೊಬ್ಬಳೇ ನಕ್ಕು ಬೆಂಚಿನ ಮೇಲೆ ನಿಂತಿದ್ದೆ.

"ಎಂತ ಮಾಡ್ತೀಯ ಇದನ್ನು?"
ಒಡೆಯುತ್ತೇನೆ.
"ನಾನು ತುಂಬಿಸಿದ್ದನ್ನು ನೀನು ಒಡೆಯುವುದಾ ಮಾರಾಯ್ತಿ!"

ಮಿಸ್ರಿಯಾ ಪಂಪು ಹಚ್ಚಿದಳು. ಮುಳ್ಳು ಇಳಿಯಿತು.
ಸ್ವಿಚ್ಚು.
ಕೊಳವೆಯ ನಡುವೆ ಒಂದು ಬೆಳಕು ನಿಂತಿತು,
ಪೂಜೆಗೆ ಹೋಗುವ ಅಂಗಿಗೆ ನೀಲಿ ಹಾಕಿ ಹಿಂಡಿದ ಬಿಳಿ.
ಒಳಗೆ ಎಲೆಕ್ಟ್ರಾನುಗಳಿಗೆ ಮಾತ್ರ ಹುಚ್ಚು ಹಿಡಿದಿದೆ, ಎಂದೆ.
ನಡುವೆ ಇಂಗಾಲ, ಆಚೀಚೆ ಎರಡು ಆಮ್ಲಜನಕ,
ಕೈಕೈ ಹಿಡಿದ ಮೂವರು.
ಅಲ್ಲಾಡಿಸಿ ಅಲ್ಲಾಡಿಸಿ ಒಂದು ಕೈ ಬಿಡಿಸಬೇಕು.
ಬಿಡಿಸಿದರೆ ಬಿಟ್ಟೀತು.
ಬಿಟ್ಟದ್ದು ಓಡಿಬಂದು ಮತ್ತೆ ಹಿಡಿದುಕೊಳ್ಳುತ್ತದಲ್ಲ,
ನಮ್ಮ ಎರಡು ವರ್ಷ ಹೋದದ್ದು ಅಲ್ಲಿ.

ಅದಕ್ಕೇ ಮಿಸ್ರಿಯಾಳ ಬಿಲ್ಲೆ.
ಪಿಂಗಾಣಿಯ ಕುಲದ್ದು, ನೀರ್ದೋಸೆಯಷ್ಟು ತೆಳು.
ಹದಿನೇಳು ಬಿರುಕು ಬಿಟ್ಟವು.
ಹದಿನೆಂಟನೆಯದು ಕುಲುಮೆಯಿಂದ ಹೊರಬಂದಾಗ
ನೋಂಬು ಬಿಡುವ ಹೊತ್ತು, ಅವಳ ಬಾಯಲ್ಲಿ ಖರ್ಜೂರ,
"ನಿಂತಿತು" ಎಂದದ್ದು ಸರಿಯಾಗಿ ಕೇಳಿಸಲಿಲ್ಲ.
ಕರೆಂಟು ಕೊಟ್ಟರೆ ಆ ಬಿಲ್ಲೆ
ಆಮ್ಲಜನಕವನ್ನಷ್ಟೇ ತನ್ನೊಳಗಿಂದ ಆಚೆ ದಾಟಿಸುತ್ತದೆ,
ಸುಲ್ತಾನ್ ಬತ್ತೇರಿಯ ಕಡವಿನ ದೋಣಿ
ತಣ್ಣೀರುಬಾವಿಯವರನ್ನು ಮಾತ್ರ ಹತ್ತಿಸಿಕೊಂಡಂತೆ.

ಅಪ್ಪ ಕಿವಿಗೊಟ್ಟು ನಿಂತರು.
"ಶಬ್ದವೇ ಇಲ್ಲವಲ್ಲ."
ಗೋಲಿ ಒಳಕ್ಕೆ ಬೀಳುವಾಗಿನ ಸಣ್ಣ ಕಿರುಚು,
ಅವರಿಗೆ ಅದೇ ರಸೀದಿ.
ವಾಸನೆಯೂ ಇಲ್ಲ, ಎಂದೆ. ಈಚೆ ಉಳಿದದ್ದು ವಿಷ,
ಅದಕ್ಕೇ ಗೋಡೆಯಲ್ಲಿ ಆ ಕೆಂಪು ದೀಪ.
ಜಲಜನಕ ಸೇರಿಸಿದರೆ ಅದೇ ನಾಳೆ ಹಡಗಿಗೆ ಎಣ್ಣೆ.
"ನಾಳೆ ಎಂದರೆ?"
ಗೊತ್ತಿಲ್ಲ ಅಪ್ಪ.

ಯಂತ್ರ ಕಾಗದ ಕಕ್ಕಿತು: ನೂರರಲ್ಲಿ ಮೂವತ್ತೊಂದು.
ಮಿಸ್ರಿಯಾ ಕುಣಿದಳು, ಒಂದು ಚಪ್ಪಲಿ ಹಾರಿ ಪಂಪಿನಡಿ ಸೇರಿತು.
ನಾನು ಮೀಟರು ನೋಡಿದೆ.
ಈ ಕರೆಂಟು ಎಲ್ಲೋ ಕಲ್ಲಿದ್ದಲು ಸುಟ್ಟು ಬಂದದ್ದು;
ಇಲ್ಲಿ ಒಂದು ಒಡೆಯಲು ಅಲ್ಲಿ ಐದು ಹುಟ್ಟಿವೆ.
ಅದನ್ನೂ ಪುಸ್ತಕದಲ್ಲಿ ಬರೆದೆ, ಅದೇ ಪೆನ್ನಿನಲ್ಲಿ.
"ನಷ್ಟದ ಅಂಗಡಿ," ಎಂದರು ಅಪ್ಪ, ಗೌರವದಿಂದಲೇ.
ಅವರದ್ದೂ ಮೊದಲ ಆರು ವರ್ಷ ಹಾಗೆಯೇ ನಡೆದದ್ದು.
ಮಾಡಿಗೆ ಸೋಲಾರ್ ಹಾಕ್ತೇವೆ, ಮಳೆ ಬಿಟ್ಟ ಮೇಲೆ, ಎಂದೆ.
ಸೀಳಿದ ಹುಬ್ಬು ಇನ್ನಷ್ಟು ಮೇಲೇರಿತು.

ಹೊರಡುವಾಗ ಸಿಲಿಂಡರನ್ನು ಬೆರಳಿನಿಂದ ತಟ್ಟಿದರು,
ಬಚ್ಚಂಗಾಯಿ ನೋಡುವವರಂತೆ.
"ಅರ್ಧದ ಮೇಲೆಯೇ ಉಂಟು.
ಶನಿವಾರ ಜಸಿಂತಳ ಮಗನ ರೋಸ್,
ಮುನ್ನೂರು ಸೋಡಾ ಒಪ್ಪಿಕೊಂಡಿದ್ದೇನೆ. ಕೊಡ್ತೀಯಾ?"

ಕೊಟ್ಟೆ. ರಾತ್ರಿ ಲೆಕ್ಕ ಹಾಕಿದೆ:
ನಾವು ಒಡೆದದ್ದು ಹನ್ನೊಂದು ಗ್ರಾಂ;
ಮುನ್ನೂರು ನೆಂಟರ ತೇಗು, ನಾನ್ನೂರು ಚಿಲ್ಲರೆ.

ಶನಿವಾರ ಮಾಟಮ್ಮನ ತೆಂಗಿನಹಾಲಿನ ಜಿಡ್ಡು ಕೈಯಲ್ಲಿ ಇರುವಾಗಲೇ
ನನ್ನ ಪಾಲಿನ ಬಾಟಲಿಯನ್ನು ಅಪ್ಪನೇ ಒತ್ತಿ ಕೊಟ್ಟರು.
ಗೋಲಿ ಕಿರುಚಿತು.
ನಿಂಬೆ, ಉಪ್ಪು, ಮೂಗಿನೊಳಗೆ ಚುರುಕು.
ತೇಗಿದೆ.
ಅದನ್ನು ಎಲ್ಲಿಯೂ ಬರೆಯಲಿಲ್ಲ.